ಹಡಗಿನೊಳಗೊಂದು ಪಂಕ್ತಿಭೇದ

ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿರುವ ನಮ್ಮ ಹಿರಿಯ ಮಿತ್ರರೊಬ್ಬರ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ತಂದೆ ತಾಯಿಯನ್ನು ಒಮ್ಮೆ ಹಡಗಿನಲ್ಲಿ ಸುತ್ತಾಡಿಸಬೇಕೆಂಬುದು ಅವಳ ಆಸೆ. ಕ್ಯೂನಾರ್ಡ್ ಕಂಪೆನಿಯ ಹೊಸ ಹಡಗು ‘ಕ್ವೀನ್ ಆ್ಯನ್’ನ ಬಣ್ಣದ ಪುಸ್ತಿಕೆಯನ್ನು ಕಳುಹಿಸಿ, ‘ಯಾವ ಕೋಣೆ ಬೇಕೆಂದು ನೀವೇ ಆರಿಸಿ’ ಎಂದಿದ್ದಾಳೆ. ಮಿತ್ರರು ಅದನ್ನು ನಮ್ಮ ಮುಂದೆ ಹರವಿ ಕೇಳಿದ ಪ್ರಶ್ನೆ ಇಷ್ಟೇ: ‘ಕೋಣೆ ಆರಿಸುವುದೇನೋ ಸರಿ. ಆದರೆ ಕೋಣೆ ಆರಿಸಿದ ಕೂಡಲೇ ನಾವು ಎಲ್ಲಿ ಕೂತು ಉಣ್ಣಬೇಕೆಂಬುದೂ ತೀರ್ಮಾನವಾಗಿಬಿಡುತ್ತದಂತೆ. ಇದೆಂಥ ಲೆಕ್ಕ?’

ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಆ ಪುಸ್ತಿಕೆಯನ್ನು ಒಂದು ಕಥೆಯನ್ನೋ ಕಾದಂಬರಿಯನ್ನೋ ಓದುವ ಹಾಗೆ ಓದಿದೆವು. ಜಾಹೀರಾತು ಕೂಡ ಒಂದು ಪಠ್ಯವೇ. ತನ್ನ ಕಾಲದ ಸಮಾಜ ಏನನ್ನು ಬಯಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಅದು ಎಷ್ಟೋ ಸಲ ಸಾಹಿತ್ಯಕ್ಕಿಂತ ಪ್ರಾಮಾಣಿಕವಾಗಿ ಹೇಳಿಬಿಡುತ್ತದೆ.

ಕ್ವೀನ್ ಆ್ಯನ್ ತನ್ನ ಮೊದಲ ಯಾನವನ್ನು 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಹೊರಟಿತು. ಇಟಲಿಯ ಫಿಂಕಾಂತಿಯೇರಿ ಕಾರ್ಖಾನೆಯಲ್ಲಿ ಕಟ್ಟಿದ, ಸುಮಾರು 3,000 ಪ್ರಯಾಣಿಕರನ್ನು ಹೊರಬಲ್ಲ ಹಡಗು ಇದು. ಇದರಲ್ಲಿ ಪ್ರಯಾಣಿಕರಿಗೆ ನಾಲ್ಕು ಅಂತಸ್ತುಗಳಿವೆ. ಕೆಳಗಿನದು ‘ಬ್ರಿಟಾನಿಯಾ’. ಕಿಟಕಿಯಿಲ್ಲದ ಒಳಕೋಣೆ, ಸಮುದ್ರ ಕಾಣುವ ಕೋಣೆ, ಬಾಲ್ಕನಿಯ ಕೋಣೆ ಎಲ್ಲವೂ ಇದರಲ್ಲಿ ಸೇರುತ್ತವೆ. ಇವರ ಊಟ ಬ್ರಿಟಾನಿಯಾ ರೆಸ್ಟೋರೆಂಟಿನ ದೊಡ್ಡ ಸಭಾಂಗಣದಲ್ಲಿ. ಅದರ ಮೇಲಿನದು ‘ಬ್ರಿಟಾನಿಯಾ ಕ್ಲಬ್’. ಕೋಣೆ ಬಹುಪಾಲು ಅದೇ ಬಾಲ್ಕನಿ ಕೋಣೆ. ಆದರೆ ಊಟಕ್ಕೆ ಬೇರೆಯೇ ಒಂದು ಸಣ್ಣ ರೆಸ್ಟೋರೆಂಟು, ತಮ್ಮದೇ ಎನ್ನುವ ಮೇಜು. ಅದರಾಚೆ ‘ಪ್ರಿನ್ಸೆಸ್ ಗ್ರಿಲ್’, ಎಲ್ಲಕ್ಕೂ ಮೇಲೆ ‘ಕ್ವೀನ್ಸ್ ಗ್ರಿಲ್’. ಈ ಎರಡೂ ಸೂಟ್‌ಗಳ ಲೋಕ. ಒಂದೊಂದಕ್ಕೂ ಪ್ರತ್ಯೇಕ ಭೋಜನಶಾಲೆ, ಗ್ರಿಲ್ ಪ್ರಯಾಣಿಕರಿಗೆ ಮಾತ್ರ ಮೀಸಲಾದ ಲಾಂಜು, ಬಿಸಿಲು ಕಾಯಲು ಅವರದೇ ಟೆರೇಸು. ಕ್ವೀನ್ಸ್ ಗ್ರಿಲ್‌ನವರಿಗೆ ಮೇಲಾಗಿ ಒಬ್ಬ ಬಟ್ಲರ್. ಪಟ್ಟಿಯಲ್ಲಿಲ್ಲದ ಖಾದ್ಯವನ್ನೂ ಅವರು ಕೇಳಿ ಮಾಡಿಸಿಕೊಳ್ಳಬಹುದು.

ಇಷ್ಟನ್ನೂ ಓದಿ ಮುಗಿಸಿದಾಗ ನಮಗೆ ಮೊದಲು ಹೊಳೆದದ್ದು ಒಂದು ಪದದ ಗೈರುಹಾಜರಿ. ಇಡೀ ವ್ಯವಸ್ಥೆಯ ಬೆನ್ನೆಲುಬಾದ ‘ದರ್ಜೆ’ ಎಂಬ ಮಾತಿಗೇ ಇಲ್ಲಿ ಜಾಗವಿಲ್ಲ. ಮೊದಲ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಎಂದು ಹಿಂದಿನ ಹಡಗುಗಳು ನೇರವಾಗಿ ಹೇಳುತ್ತಿದ್ದವು. ಹೊಸ ಹಡಗಿಗೆ ಹಾಗೆ ಹೇಳಲು ನಾಚಿಕೆ. ಅದು ಮನುಷ್ಯರನ್ನು ಅವರು ಉಣ್ಣುವ ಕೋಣೆಯ ಹೆಸರಿನಿಂದ ಗುರುತಿಸುತ್ತದೆ. ‘ಗ್ರಿಲ್’ ಎಂಬುದು ಮೂಲತಃ ಊಟದ ಮನೆಯ ಹೆಸರು. 1936ರಲ್ಲಿ ಯಾನ ಆರಂಭಿಸಿದ ಇದೇ ಕಂಪೆನಿಯ ಕ್ವೀನ್ ಮೇರಿ ಹಡಗಿನಲ್ಲಿ ಮೊದಲ ದರ್ಜೆಯವರಿಗೆಂದು ‘ವೆರಾಂಡಾ ಗ್ರಿಲ್’ ಎಂಬ, ಹೆಚ್ಚಿನ ಹಣ ತೆತ್ತು ಉಣ್ಣುವ ಕೋಣೆಯಿತ್ತು. ಅಂದು ಊಟದ ಕೋಣೆಗಿದ್ದ ಹೆಸರು ಇಂದು ಮನುಷ್ಯರ ಅಂತಸ್ತಿನ ಹೆಸರಾಗಿದೆ. ನೀವು ಯಾರು ಎಂದು ಕೇಳಿದರೆ, ನಾನು ಇಂಥ ಪಂಕ್ತಿಯಲ್ಲಿ ಉಣ್ಣುವವನು ಎಂದು ಉತ್ತರಿಸುವ ಪದ್ಧತಿ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಭೇದ ಎಂಬ ಪದವನ್ನು ನಾವು ಯಾವ ಹಡಗು ಕಂಪೆನಿಯಿಂದಲೂ ಕಡ ತಂದದ್ದಲ್ಲ. ಯಾರು ಯಾರ ಜೊತೆ ಕೂತು ಉಣ್ಣಬಹುದು ಎಂಬುದೇ ನಮ್ಮ ಸಮಾಜದ ಏಣಿಯ ಮೆಟ್ಟಿಲುಗಳನ್ನು ನಿರ್ಧರಿಸಿತ್ತು. ಹಾಗಾಗಿಯೇ ಈ ನೆಲದಲ್ಲಿ ಸಮಾನತೆಯ ಮಾತನ್ನಾಡಿದವರೆಲ್ಲ ಒಂದಲ್ಲ ಒಂದು ಘಟ್ಟದಲ್ಲಿ ಅನ್ನದ ತಟ್ಟೆಯ ಹತ್ತಿರ ಬಂದು ನಿಲ್ಲಬೇಕಾಯಿತು. ಶರಣರ ದಾಸೋಹವಿರಲಿ, ದರ್ಗಾಗಳ ಲಂಗರ್ ಇರಲಿ, ಒಟ್ಟಿಗೆ ಉಣ್ಣುವುದು ಹೊಟ್ಟೆಯ ಸಂಗತಿ ಮಾತ್ರವಾಗಿರಲಿಲ್ಲ.

ಹುಟ್ಟಿನ ಪಂಕ್ತಿಗೂ ಹಣದ ಪಂಕ್ತಿಗೂ ವ್ಯತ್ಯಾಸವಿಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಇದೆ. ಹುಟ್ಟನ್ನು ಬದಲಿಸಿಕೊಳ್ಳಲಾಗದು, ಟಿಕೆಟನ್ನು ಬದಲಿಸಿಕೊಳ್ಳಬಹುದು. ಹೆಚ್ಚು ಕೊಟ್ಟವರಿಗೆ ಹೆಚ್ಚು ಸಿಗುವುದು ವ್ಯಾಪಾರದ ಧರ್ಮ, ಅದರಲ್ಲಿ ಅನ್ಯಾಯವೇನು ಎಂಬ ವಾದಕ್ಕೂ ತೂಕವಿದೆ. ಮೊಣಕಾಲು ನೋವಿನ ವೃದ್ಧರೊಬ್ಬರು ವಿಶಾಲವಾದ ಕೋಣೆಗೆ ಹೆಚ್ಚು ಹಣ ಕೊಟ್ಟರೆ ಅದನ್ನು ಆಡಂಬರವೆಂದು ಹಳಿಯುವುದು ಸರಿಯಲ್ಲ. ಆದರೆ ಪುಸ್ತಿಕೆ ಮಾರುತ್ತಿರುವುದು ವಿಶಾಲವಾದ ಕೋಣೆಯನ್ನು ಮಾತ್ರವಲ್ಲ. ಬ್ರಿಟಾನಿಯಾ ಬಾಲ್ಕನಿ ಕೋಣೆಗೂ ಬ್ರಿಟಾನಿಯಾ ಕ್ಲಬ್ ಕೋಣೆಗೂ ಇರುವ ಮುಖ್ಯ ಅಂತರ ಊಟದ ಕೋಣೆಯದು. ಇಲ್ಲಿ ಪ್ರಯಾಣಿಕ ಹೆಚ್ಚಿಗೆ ತೆರುವ ಹಣ ಮಂಚಕ್ಕೂ ಅಲ್ಲ, ಮೀನಿಗೂ ಅಲ್ಲ. ಉಳಿದವರು ಒಳಗೆ ಬರುವುದಿಲ್ಲ ಎಂಬ ಭರವಸೆಗೆ. ‘ಆಯ್ದ ಕೆಲವರಿಗೆ ಮಾತ್ರ’ ಎಂಬ ಮಾತನ್ನು ತಿರುಗಿಸಿ ಓದಿದರೆ ಅದರ ಅರ್ಥ ‘ಉಳಿದವರಿಗೆ ಪ್ರವೇಶವಿಲ್ಲ’ ಎಂದೇ ಅಲ್ಲವೇ?

ಈ ಭೇದಕ್ಕೆ ಇತಿಹಾಸವೂ ಇದೆ. ಕ್ಯೂನಾರ್ಡ್ ಕಂಪೆನಿಯ ಮೊದಲ ಅಟ್ಲಾಂಟಿಕ್ ಹಬೆ ಹಡಗು ‘ಬ್ರಿಟಾನಿಯಾ’ ಅಂಚೆ ಹೊತ್ತು ಲಿವರ್‌ಪೂಲಿನಿಂದ ಹೊರಟದ್ದು 1840ರಲ್ಲಿ. 1842ರ ಜನವರಿಯಲ್ಲಿ ಅದೇ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಚಾರ್ಲ್ಸ್ ಡಿಕನ್ಸ್ ತನಗೆ ಸಿಕ್ಕ ಕೋಣೆಯ ಕಿರಿದುತನವನ್ನು ತನ್ನ ಪ್ರವಾಸ ಕಥನದಲ್ಲಿ ಮನಸಾರೆ ಗೇಲಿ ಮಾಡಿದ್ದಾನೆ. ಮುಂದೆ ಹಡಗುಗಳು ದೊಡ್ಡದಾದಂತೆ ಅವುಗಳ ತಳದಲ್ಲಿ ಯುರೋಪಿನ ಬಡ ವಲಸಿಗರು ತುಂಬಿಕೊಂಡರು. ಹಾಗೆ ಕಟ್ಟಿದ ಮೆಟ್ಟಿಲುಗಳ ನಿಜವಾದ ಬೆಲೆ ಗೊತ್ತಾದದ್ದು 1912ರ ಏಪ್ರಿಲಿನಲ್ಲಿ. ಇನ್ನೊಂದು ಕಂಪೆನಿಯ ಟೈಟಾನಿಕ್ ಮುಳುಗಿದಾಗ ಮೊದಲ ದರ್ಜೆಯ ನೂರು ಜನರಲ್ಲಿ ಸುಮಾರು 60 ಮಂದಿ ಬದುಕುಳಿದರೆ ಮೂರನೆಯ ದರ್ಜೆಯಲ್ಲಿ ಉಳಿದದ್ದು ಸುಮಾರು 25 ಮಂದಿ. ಅವರನ್ನು ನೀರಿನಿಂದ ಎತ್ತಿಕೊಂಡದ್ದು ಕ್ಯೂನಾರ್ಡಿನದೇ ಹಡಗು ಕಾರ್ಪೇಥಿಯಾ ಎಂಬುದನ್ನೂ ಇಲ್ಲಿ ಹೇಳಬೇಕು. ಇಂದಿನ ಹಡಗುಗಳಲ್ಲಿ ರಕ್ಷಣಾ ದೋಣಿ ಎಲ್ಲರಿಗೂ ಇದೆ. ಅಷ್ಟರ ಮಟ್ಟಿಗೆ ಲೋಕ ಪಾಠ ಕಲಿತಿದೆ.

1950ರ ದಶಕದ ಕೊನೆಗೆ ಜೆಟ್ ವಿಮಾನಗಳು ಬಂದು ಸಾಗರ ದಾಟುವ ವ್ಯಾಪಾರವನ್ನು ಕಿತ್ತುಕೊಂಡವು. ಹಡಗು ಆಗ ಸಾರಿಗೆಯಾಗಿ ಉಳಿಯದೆ ವಿಹಾರವಾಯಿತು. ವಿಹಾರದ ಹಡಗುಗಳಲ್ಲಿ ಬಹಳ ಕಾಲ ಒಂದೇ ದರ್ಜೆ ಎಂಬ ಮಾತು ಚಾಲ್ತಿಯಲ್ಲಿತ್ತು. ಕೋಣೆ ಬೇರೆಯಾದರೂ ಈಜುಕೊಳ, ನಾಟಕಶಾಲೆ, ಊಟ ಎಲ್ಲರಿಗೂ ಸಮಾನ. ಈಗ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿದೆ. 2008ರಲ್ಲಿ ಎಂಎಸ್‌ಸಿ ಕಂಪೆನಿ ತನ್ನ ಫ್ಯಾಂಟಾಸಿಯಾ ಹಡಗಿನಲ್ಲಿ ‘ಯಾಟ್ ಕ್ಲಬ್’ ಎಂಬ ಹಡಗಿನೊಳಗಿನ ಹಡಗನ್ನು ತೆರೆಯಿತು. 2024ರಲ್ಲಿ ಬಂದ ರಾಯಲ್ ಕೆರಿಬಿಯನ್ ಕಂಪೆನಿಯ ದೈತ್ಯ ‘ಐಕಾನ್ ಆಫ್ ದ ಸೀಸ್’ನಲ್ಲೂ ಸೂಟ್‌ಗಳಲ್ಲಿ ತಂಗುವವರಿಗೆ ಮೀಸಲಾದ ಭೋಜನಶಾಲೆಯಿದೆ. ಜಾಗತೀಕರಣ ನಗರಗಳಲ್ಲಿ ಬೇಲಿ ಹಾಕಿದ ಬಡಾವಣೆಗಳನ್ನು ಹೇಗೆ ಕಟ್ಟಿತೋ ಹಾಗೆಯೇ ನೀರಿನ ಮೇಲೂ ಕಟ್ಟುತ್ತಿದೆ.

ಇದರಿಂದ ಮೇಲಿನವನಾದರೂ ಸುಖಿಯೇ? ಅಮೆರಿಕದ ಲೇಖಕ ಡೇವಿಡ್ ಫಾಸ್ಟರ್ ವಾಲೇಸ್ 1996ರಲ್ಲಿ ಇಂಥದೊಂದು ಯಾನದ ಬಗ್ಗೆ ಪ್ರಬಂಧ ಬರೆದ. ಒಂದು ವಾರ ಎಲ್ಲ ಉಪಚಾರಗಳನ್ನೂ ಪಡೆದ ಮೇಲೆ ಆತನಿಗಾದದ್ದು ತೃಪ್ತಿಯಲ್ಲ. ಬಂದರಿನಲ್ಲಿ ಪಕ್ಕದಲ್ಲಿ ನಿಂತ ಇನ್ನೊಂದು ಹಡಗನ್ನು ಕಂಡು, ಅದರಲ್ಲಿ ಇನ್ನೂ ಹೆಚ್ಚಿನ ಸುಖವಿರಬಹುದೆಂಬ ಹೊಟ್ಟೆಕಿಚ್ಚು. ಕೊಳ್ಳುಬಾಕತನದ ಗುಟ್ಟು ಇಲ್ಲಿದೆ. ಅದು ಬಯಕೆಯನ್ನು ತಣಿಸುವುದಿಲ್ಲ, ಮುಂದಿನ ಮೆಟ್ಟಿಲನ್ನು ತೋರಿಸುತ್ತದೆ. ಪ್ರಿನ್ಸೆಸ್ ಗ್ರಿಲ್‌ನಲ್ಲಿ ಉಣ್ಣುವವನ ಕಣ್ಣು ಕ್ವೀನ್ಸ್ ಗ್ರಿಲ್‌ನ ಬಾಗಿಲ ಮೇಲೆ.

ಪುಸ್ತಿಕೆಯ ಇನ್ನೊಂದು ಪುಟ ನಮ್ಮನ್ನು ಹಿಡಿದು ನಿಲ್ಲಿಸಿತು. ಹಡಗಿನಲ್ಲಿ ಪ್ರತ್ಯೇಕ ಹಣ ಕೊಟ್ಟು ಉಣ್ಣುವ ಭಾರತೀಯ ರೆಸ್ಟೋರೆಂಟೊಂದಿದೆ. ಅದರ ಹೆಸರು ‘ಅರಣ್ಯ’. ಮಸಾಲೆಯ ಘಮಲಿಗೆ ಅಲ್ಲಿ ಸನ್ಮಾನವಿದೆ, ಸಂತೋಷ. ಆದರೆ ಈ ಹಡಗುಗಳಲ್ಲಿ ಭಾರತ ಇರುವುದು ಊಟದ ಪಟ್ಟಿಯಲ್ಲಿ ಮಾತ್ರವಲ್ಲ. ಮಂಗಳೂರು, ಉಡುಪಿ, ಗೋವೆಯ ಕಡೆಯ ಎಷ್ಟೋ ಯುವಕರು ವಿಹಾರದ ಹಡಗುಗಳಲ್ಲಿ ಬಡಿಸುವವರಾಗಿ, ಕೋಣೆ ಗುಡಿಸುವವರಾಗಿ, ಅಡುಗೆಯವರಾಗಿ ದುಡಿಯುತ್ತಿದ್ದಾರೆ. ಅವರ ಸಂಬಳದಿಂದ ನಮ್ಮ ಕರಾವಳಿಯಲ್ಲಿ ಮನೆಗಳು ಎದ್ದಿವೆ, ತಂಗಿಯರ ಮದುವೆಗಳಾಗಿವೆ. 2013ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರವೇ ಹಡಗಿನ ಕೆಲಸಗಾರನೊಬ್ಬನನ್ನು ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಯವರೆಗೆ ದುಡಿಸಲು ಅವಕಾಶವಿದೆ. ಇದು ಕಾರ್ಮಿಕನ ರಕ್ಷಣೆಗಾಗಿ ಬಂದ ಮಿತಿ! ಬ್ರಿಟಿಷ್ ವೈಭವವನ್ನು ಮಾರುವ ಕ್ಯೂನಾರ್ಡ್ ಹಡಗುಗಳು 2011ರಿಂದ ನೋಂದಣಿಯಾಗುತ್ತಿರುವುದು ಬರ್ಮುಡಾದ ಹ್ಯಾಮಿಲ್ಟನ್ನಿನಲ್ಲಿ. ರಾಣಿಯರ ಹೆಸರು ಒಂದು ದೇಶದ್ದು, ಧ್ವಜ ಇನ್ನೊಂದು ಕಡೆಯದು, ಬೆವರು ಮತ್ತೊಂದು ಕಡೆಯದು. ನಾಲ್ಕು ಅಂತಸ್ತುಗಳ ಕೆಳಗೆ ಪುಸ್ತಿಕೆ ಎಣಿಸದ ಐದನೆಯದೊಂದಿದೆ.

ಇಷ್ಟು ಹೇಳಿ ಪಶ್ಚಿಮದವರ ಭೋಗವನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ಮಿತ್ರರ ಮುಂದಿನ ಮಾತು ನಮ್ಮನ್ನು ಸುಮ್ಮನಿರಲು ಬಿಡಲಿಲ್ಲ. ಅವರ ತಂದೆ ಮುಂಬಯಿಯಿಂದ ಹಡಗಿನಲ್ಲೇ ಹಜ್ಜ್‌ಗೆ ಹೋದವರು. ಡೆಕ್ ಕ್ಲಾಸ್ ಪ್ರಯಾಣ. ಮೊಗಲ್ ಲೈನ್ ಹಡಗುಗಳ ಆ ಕಾಲದಲ್ಲಿ ಅಂಗಳದಲ್ಲಿ ಚಾಪೆ ಹಾಸಿ, ಟ್ರಂಕಿಗೆ ತಲೆಯಾನಿಸಿ ಜಿದ್ದಾ ತಲುಪಿದವರು ನಮ್ಮ ಹಿರಿಯರಲ್ಲಿ ಅದೆಷ್ಟು ಮಂದಿ! 1995ರಲ್ಲಿ ಆ ಹಡಗುಗಳು ನಿಂತವು. ಆ ಯಾತ್ರೆಯನ್ನು ನಾವು ಹೊಗಳಿ ಹಾಡುವುದಿಲ್ಲ. ಅಲ್ಲೂ ದರ್ಜೆಗಳಿದ್ದವು, ಬಡ ಯಾತ್ರಿಕನ ಜೀವ ಅಗ್ಗವಾಗಿದ್ದ ಕಾಲವೂ ಇತ್ತು. 1880ರಲ್ಲಿ 900ಕ್ಕೂ ಹೆಚ್ಚು ಹಜ್ಜ್ ಯಾತ್ರಿಕರಿದ್ದ ‘ಜಿದ್ದಾ’ ಎಂಬ ಹಡಗನ್ನು ಅದರ ಯುರೋಪಿಯನ್ ಕಪ್ತಾನ ಮತ್ತು ಅಧಿಕಾರಿಗಳು ನಡುಗಡಲಿನಲ್ಲಿ ಬಿಟ್ಟು ಪರಾರಿಯಾದರು. ಏಡನ್ ತಲುಪಿ ಹಡಗು ಮುಳುಗಿತೆಂದು ಹೇಳಿದರು. ಅದರ ಬೆನ್ನಿಗೇ ಇನ್ನೊಂದು ಹಡಗು ಆ ಯಾತ್ರಿಕರನ್ನು ಜೀವಸಹಿತ ಏಡನ್‌ಗೆ ಎಳೆದು ತಂದಿತು. ಜೋಸೆಫ್ ಕಾನ್ರಾಡ್‌ನ 1900ರ ಕಾದಂಬರಿ ‘ಲಾರ್ಡ್ ಜಿಮ್’ಗೆ ಪ್ರೇರಣೆ ಈ ಘಟನೆಯೇ. ಅಲ್ಲೂ ಓಡಿಹೋದ ಅಧಿಕಾರಿಯ ಆತ್ಮಸಾಕ್ಷಿಗೆ ನೂರಾರು ಪುಟಗಳು ಸಿಕ್ಕವು. ಯಾತ್ರಿಕರು ಹೆಸರಿಲ್ಲದ ಗುಂಪಾಗಿಯೇ ಉಳಿದರು.

ಆದರೂ ಆ ಡೆಕ್ಕಿನ ಪ್ರಯಾಣಕ್ಕೊಂದು ಕೊನೆಯಿತ್ತು. ಯಲಮ್‌ಲಮ್‌ನ ಗಡಿ ಸಮೀಪಿಸಿದಾಗ ಕ್ಯಾಬಿನ್ನಿನವನೂ ಡೆಕ್ಕಿನವನೂ ಹೊಲಿಗೆಯಿಲ್ಲದ ಎರಡು ಬಿಳಿ ತುಂಡುಗಳನ್ನು ಉಡುತ್ತಿದ್ದರು. ಅಲ್ಲಿಂದಾಚೆ ಯಾರು ಯಾವ ದರ್ಜೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಇಹ್ರಾಮ್ ಇಂದಿಗೂ ಅದೇ ಬಿಳಿಬಟ್ಟೆ. ಆದರೆ ಇಂದು ಹಜ್ಜ್ ಉಮ್ರಾಗಳ ಪುಸ್ತಿಕೆಗಳನ್ನು ಈ ಹಡಗಿನ ಪುಸ್ತಿಕೆಯ ಪಕ್ಕದಲ್ಲಿಟ್ಟು ಓದಿ. ಎಕಾನಮಿ, ಡಿಲಕ್ಸ್, ವಿಐಪಿ. ಹರಮ್‌ಗೆ ಎಷ್ಟು ಹೆಜ್ಜೆ ಎಂಬುದರ ಮೇಲೆ ಬೆಲೆ. ಹಡಗಿನಲ್ಲಿ ಸಮುದ್ರ ಕಾಣುವ ಕೋಣೆಗೆ ಹೆಚ್ಚು ದರವಾದರೆ ಮಕ್ಕಾದ ಗಡಿಯಾರ ಗೋಪುರದ ಹೋಟೆಲುಗಳಲ್ಲಿ ಕಾಬಾ ಕಾಣುವ ಕೋಣೆಗೆ ಹೆಚ್ಚು ದರ. ಭಾಷೆ ಒಂದೇ, ಬಣ್ಣದ ಚಿತ್ರಗಳ ಹೊಳಪು ಒಂದೇ, ‘ಆಯ್ದ ಕೆಲವರಿಗೆ’ ಎಂಬ ಪಿಸುಮಾತೂ ಒಂದೇ. ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮದ ಊಟವೇ ಅತ್ಯಂತ ಕೆಟ್ಟ ಊಟವೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದನ್ನು ವೇದಿಕೆಗಳಲ್ಲಿ ನೆನೆಯುವ ನಾವೇ, ಮದುವೆ ಹಾಲ್‌ಗಳಲ್ಲಿ ವಿಐಪಿಗಳಿಗೆಂದು ಪರದೆ ಎಳೆದ ಬೇರೆ ಮೇಜು ಹಾಕಿಸುತ್ತೇವೆ. ಕ್ಯೂನಾರ್ಡ್ ಕಂಪೆನಿಯ ಮಾಲು ಮಾರುವ ಪುಸ್ತಿಕೆಯನ್ನು ಟೀಕಿಸುವ ಅರ್ಹತೆ ನಮಗೆ ಬರುವುದು ಆ ಪರದೆ ಸರಿದ ಮೇಲೆ.

ಮಿತ್ರರ ಪ್ರಶ್ನೆಗೆ ನಾವು ಕೊಟ್ಟ ಸಲಹೆ ಸರಳ. ಗಾಳಿ ಬೆಳಕು ಬೇಕೆನಿಸಿದರೆ ಬ್ರಿಟಾನಿಯಾದಲ್ಲೇ ಬಾಲ್ಕನಿಯ ಕೋಣೆ ಹಿಡಿಯಿರಿ. ಬರೀ ಮಲಗಲು ಸಾಕೆಂದರೆ ಒಳಕೋಣೆಯೂ ಆದೀತು. ಗ್ರಂಥಾಲಯ, ನಾಟಕಶಾಲೆ, ಡೆಕ್ಕಿನ ಮೇಲಿನ ನಡಿಗೆ, ಕಡಲು ಇವೆಲ್ಲ ನಾಲ್ಕೂ ಅಂತಸ್ತಿನವರಿಗೆ ಒಂದೇ. ಹಲಾಲ್ ಊಟದ ಬಗ್ಗೆ ಟಿಕೆಟ್ ತೆಗೆಯುವ ಮೊದಲೇ ಬರೆದು ಕೇಳಿ. ಕ್ಲಬ್ಬಿಗೆ ಏರಲು ಹೆಚ್ಚಿಗೆ ಹಣ ತೆರುವುದಿದ್ದರೆ, ನಿಮಗೆ ಬೇಕಾಗಿರುವುದು ಒಳ್ಳೆಯ ಊಟವೋ ಅಥವಾ ಉಳಿದವರು ಇಲ್ಲದ ಊಟವೋ ಎಂದು ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ.

ಅವರು ಪುಸ್ತಿಕೆ ಮಡಚಿಟ್ಟು ನಕ್ಕರು. ‘ಸೇವಕ ಊಟ ತಂದರೆ ಅವನನ್ನು ಜೊತೆಗೆ ಕೂರಿಸಿಕೊಳ್ಳಿ, ಆಗದಿದ್ದರೆ ಒಂದೆರಡು ತುತ್ತಾದರೂ ಕೊಡಿ ಅನ್ನುವ ಹದೀಸು ಇದೆಯಲ್ಲ, ಅದನ್ನು ಆ ಹಡಗಿನಲ್ಲಿ ಪಾಲಿಸಲು ಬಿಡುತ್ತಾರೆಯೇ?’ ಎಂದರು. ಬಿಡಲಾರರು. ಬಡಿಸುವವನು ಮೇಜಿಗೆ ಕೂರಲಾರ. ಆದರೆ ಅವನು ನಮ್ಮ ಕಡೆಯ ಹುಡುಗನೇ ಆಗಿದ್ದರೆ, ನಮ್ಮ ಊರುಗಳಲ್ಲಿ ಎದುರು ಸಿಕ್ಕವರನ್ನು ಕೇಳುವಂತೆ ‘ನಿನ್ನದು ಊಟ ಆಯ್ತಾ?’ ಎಂದು ಕೇಳುವುದನ್ನು ಯಾವ ಕಂಪೆನಿಯೂ ತಡೆಯಲಾರದು.