ಚಳಿ ಗೊತ್ತಾಗುವುದು ಎಳೆಗೆ

ಬ್ಯಾಕ್ಟೀರಿಯಾಗಳ ಲೋಕದಲ್ಲಿ ನನಗೆ ಅತಿ ಮೆಚ್ಚಿನ ಪ್ರೋಟೀನು ಯಾವುದೆಂದರೆ, ಹಿಂದೆಮುಂದೆ ನೋಡದೆ ಸಿಎಸ್‌ಪಿಎ ಎನ್ನುತ್ತೇನೆ. ಬರೀ 70 ಅಮೈನೋ ಆಮ್ಲಗಳ ಪುಟಾಣಿ. 1990ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಸಯೋರಿ ಇನೊಯೆ ಅವರ ತಂಡ ಇದನ್ನು ಗುರುತಿಸಿತು.

ನಮ್ಮ ಕರುಳಿನ ಬಿಸುಪಿಗೆ ಒಗ್ಗಿದ ಇ. ಕೊಲೈ ಬ್ಯಾಕ್ಟೀರಿಯಾವನ್ನು 37 ಡಿಗ್ರಿಯಿಂದ ಏಕಾಏಕಿ 10 ಡಿಗ್ರಿಗೆ ಇಳಿಸಿದರೆ ಕೆಲವು ತಾಸು ಅದರ ಬೆಳವಣಿಗೆಯೇ ನಿಂತುಬಿಡುತ್ತದೆ. ಪೊರೆಯಲ್ಲಿನ ಕೊಬ್ಬು ಮಾಗಿಕಾಲದ ತುಪ್ಪದಂತೆ ಬಿಗಿಯುತ್ತದೆ. ಸಂದೇಶವಾಹಕ ಆರ್‌ಎನ್‌ಎ ಎಳೆಗಳು ತಮ್ಮ ಮೇಲೆ ತಾವೇ ಮಡಚಿಕೊಂಡು ಸಿಕ್ಕಾಗುತ್ತವೆ. ರೈಬೋಸೋಮ್ ಅವನ್ನು ಓದಲಾರದೆ ಹೆಚ್ಚಿನ ಪ್ರೋಟೀನುಗಳ ತಯಾರಿ ಕುಸಿಯುತ್ತದೆ. ಅಂಥ ಹೊತ್ತಿನಲ್ಲೇ ಸಿಎಸ್‌ಪಿಎ ಮೇಲೇಳುತ್ತದೆ. ಹೊಸದಾಗಿ ತಯಾರಾಗುವ ಪ್ರೋಟೀನಿನಲ್ಲಿ ಶೇ 13ರಷ್ಟು ಇದೊಂದೇ!

ಇದು ಸಾಧ್ಯವಾಗುವ ಬಗೆಯೇ ಸೊಗಸು. ಸಿಎಸ್‌ಪಿಎ ಜೀನಿನ ಸಂದೇಶ 37 ಡಿಗ್ರಿಯಲ್ಲೂ ತಯಾರಾಗುತ್ತದೆ, ಆದರೆ ಸೆಕೆಂಡುಗಳಲ್ಲಿ ಚೂರಾಗುತ್ತದೆ. ಚಳಿಯಲ್ಲಿ ಅದೇ ಎಳೆ ನಿಮಿಷಗಟ್ಟಲೆ ಬಾಳುತ್ತದೆ. ಅಷ್ಟೇ ಅಲ್ಲ, ಅದರ ಮಡಿಕೆಯೂ ಬೇರೆಯಾಗಿ, ರೈಬೋಸೋಮ್ ಬಂದು ಕೂರುವ ಜಾಗ ತೆರೆದುಕೊಳ್ಳುತ್ತದೆ. 2010ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ತೋರಿಸಿತು. ಚಳಿಯನ್ನು ಅರಿಯಲು ಇಲ್ಲಿ ಬೇರೆ ಕಾವಲುಗಾರ ಬೇಕಿಲ್ಲ, ಸಂದೇಶವೇ ಉಷ್ಣಮಾಪಕ. ಎಷ್ಟು ಮಿತವ್ಯಯದ ಏರ್ಪಾಡು!

ತಯಾರಾದ ಸಿಎಸ್‌ಪಿಎ ಉಳಿದ ಎಳೆಗಳ ಸಿಕ್ಕು ಬಿಡಿಸುತ್ತದೆ, ಬೆಳವಣಿಗೆ ಮರಳುತ್ತದೆ. ತಾನು ಸಾಕಷ್ಟು ಜಮೆಯಾದ ಮೇಲೆ ತನ್ನ ತಯಾರಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಎಲ್ಲ ಬ್ಯಾಕ್ಟೀರಿಯಾಗಳೂ ಇದೊಂದೇ ದಾರಿ ಹಿಡಿಯುವುದಿಲ್ಲ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಪೊರೆಯೊಳಗಿನ ಡೆಸ್‌ಕೆ ಎಂಬ ಪ್ರೋಟೀನು ಪೊರೆ ಬಿಗಿಯುವುದನ್ನು ಗ್ರಹಿಸಿ, ಕೊಬ್ಬನ್ನು ಸಡಿಲಿಸುವ ಕಿಣ್ವದ ಜೀನನ್ನು ಎಬ್ಬಿಸುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಸ್ಯೂಡೋಮೊನಾಸ್ ಒಂದನ್ನು ವರ್ಷಗಟ್ಟಲೆ ಅಭ್ಯಸಿಸಿದ್ದಾರೆ. ಆರ್‌ಎನ್‌ಎ ಕತ್ತರಿಸುವ ಆರ್‌ಎನೇಸ್ ಆರ್ ಎಂಬ ಕಿಣ್ವ ಇಲ್ಲದಿದ್ದರೆ ಅದು 4 ಡಿಗ್ರಿಯಲ್ಲಿ ಬೆಳೆಯಲಾರದು ಎಂದು ಕಂಡುಕೊಂಡವರು ಅವರೇ. ನಮ್ಮ ಪತ್ರಿಕೆಗಳು ಈ ಕೆಲಸಕ್ಕೆ ಇನ್ನಷ್ಟು ಜಾಗ ಕೊಡಬೇಕಿತ್ತು.

ಒಂದು ಮಾತು ಅಡುಗೆಮನೆಯವರಿಗೆ. ರೋಗಕಾರಕ ಲಿಸ್ಟೀರಿಯಾ ಕೂಡ 4 ಡಿಗ್ರಿಯಲ್ಲಿ ನಿಧಾನವಾಗಿ ಬೆಳೆಯಬಲ್ಲದು. ಮನೆಯಲ್ಲಿ ಬಸುರಿಯರೋ ವಯಸ್ಸಾದವರೋ ಇದ್ದರೆ, ಫ್ರಿಜ್ಜಿನಲ್ಲಿಟ್ಟ ಅಡುಗೆಯನ್ನು ಹಬೆಯಾಡುವವರೆಗೆ ಬಿಸಿ ಮಾಡಿಯೇ ಬಡಿಸಿ.