ಡ್ರೀಮ್‌ಕಾಸ್ಟ್ ಆಟಗಳ ಸ್ಥಾಯಿಮೌಲ್ಯ

ಜಪಾನಿನ ಸೆಗಾ ಸಂಸ್ಥೆಯು 1998ನೆಯ ನವೆಂಬರಿನಲ್ಲಿ ಹೊರತಂದ ಡ್ರೀಮ್‌ಕಾಸ್ಟ್ ಎಂಬ ವೀಡಿಯೊ ಆಟದ ಯಂತ್ರದ ತಯಾರಿಕೆಯು 2001ರಲ್ಲಿಯೇ ನಿಂತುಹೋಯಿತು. ಮಾರಾಟವಾದುವು ಸುಮಾರು 91 ಲಕ್ಷ. ಪ್ರತಿಸ್ಪರ್ಧಿಯಾದ ಪ್ಲೇಸ್ಟೇಷನ್ 2 ಆದರೋ 15 ಕೋಟಿಯನ್ನು ಮೀರಿತು. ಇಷ್ಟರಿಂದಲೇ ಅದರ ಆಟಗಳೂ ಅಲ್ಪಾಯುಗಳೆಂದು ನಿರ್ಣಯಿಸುವುದು ಯುಕ್ತವಲ್ಲ. ಯಂತ್ರದ ಆಯುಸ್ಸು ಬೇರೆ, ಕೃತಿಯ ಆಯುಸ್ಸು ಬೇರೆ.

ಆದರೆ ಎಲ್ಲ ಆಟಗಳ ಮಹತ್ತ್ವವೂ ಒಂದೇ ಬಗೆಯದಲ್ಲ. ‘ಶೆನ್‌ಮೂ’ (1999) 1986ರ ಯೊಕೊಸುಕ ಪಟ್ಟಣವನ್ನು ಹಗಲಿರುಳು, ಮಳೆ, ಹಿಮಗಳೊಡನೆ ಚಿತ್ರಿಸಿತು. ತಂದೆಯ ಕೊಲೆಗಾರನನ್ನು ಅರಸುವ ನಾಯಕನು ಅಲ್ಲಿ ಅಂಗಡಿ ತೆರೆಯುವವರೆಗೆ ಕಾಯಬೇಕು, ಬಂದರಿನಲ್ಲಿ ದುಡಿಯಬೇಕು. ಗತಿ ಮಂದ, ಸಂಭಾಷಣೆ ನೀರಸ ಎಂಬ ಆಕ್ಷೇಪವು ಸತ್ಯವೇ. ಇದರ ಹಿರಿಮೆ ಮುಂದಿನವರಿಗೆ ದಾರಿ ತೋರಿದುದರಲ್ಲಿದೆ, ಅದು ಚಾರಿತ್ರಿಕವಾದುದು.

‘ಜೆಟ್ ಸೆಟ್ ರೇಡಿಯೊ’ (2000) ವಾಸ್ತವದ ಅನುಕರಣವನ್ನು ಬಿಟ್ಟು, ಕೈಯಿಂದ ಬರೆದ ಚಿತ್ರದಂತಹ ದಪ್ಪ ರೇಖೆಯನ್ನೂ ಸಮತಲವಾದ ಬಣ್ಣವನ್ನೂ ಆಯ್ದುಕೊಂಡಿತು. ಆದುದರಿಂದಲೇ ಅದು ಇಂದಿಗೂ ಹಳತಾಗಿ ತೋರದು. ಇದರ ಗುಣವು ಕೃತಿಯಲ್ಲಿಯೇ ಇರುವುದು.

‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ (2000) ಯಂತ್ರದ ಮೋಡೆಮಿನ ಮೂಲಕ ದೂರದೇಶಗಳ ನಾಲ್ವರನ್ನು ಒಂದುಗೂಡಿಸಿತು; ಅದರ ಸಿದ್ಧವಾಕ್ಯಗಳು ಆಯಾ ಆಟಗಾರನ ಭಾಷೆಯಲ್ಲಿ ಕಾಣಿಸುತ್ತಿದ್ದುವು. ಸಂಸ್ಥೆಯ ಸರ್ವರುಗಳು ಮುಚ್ಚಿದ ಮೇಲೆ ಆಸಕ್ತರು ತಾವೇ ಸರ್ವರುಗಳನ್ನು ನಡೆಸಿ ಅದನ್ನು ಉಳಿಸಿದರು. ಜೊತೆಗಾರರಿಲ್ಲದಿದ್ದರೆ ಇಂತಹ ಕೃತಿಯ ತಿರುಳೇ ಲುಪ್ತವಾಗುವುದು.

ಆದಕಾರಣ ಬೆಲೆಕಟ್ಟುವವನು ಮಾರಾಟದ ಲೆಕ್ಕವನ್ನು ಬದಿಗಿಟ್ಟು, ಪ್ರಭಾವ, ಸ್ವಗುಣ, ಸಂರಕ್ಷಣೆ ಈ ಮೂರನ್ನೂ ಬೇರೆಬೇರೆಯಾಗಿ ತೂಗಬೇಕು. ಒಂದರ ಕೀರ್ತಿಯನ್ನು ಇನ್ನೊಂದಕ್ಕೆ ಆರೋಪಿಸುವುದು ವಿಮರ್ಶೆಯಲ್ಲ.