ನೆಟ್ಟಗೆ ಹೋಗದ ದೋಣಿ

ಹಾಯಿ ಬಿಚ್ಚಿ ಕಡಲ ದಂಡೆಗುಂಟ ಸಾಗುತ್ತ, ಮನಸ್ಸು ಬಂದಲ್ಲಿ ಲಂಗರು ಹಾಕಿ, ಜನರಿಲ್ಲದ ಮರಳಿನ ಮೇಲೆ ಮಧ್ಯಾಹ್ನ ಕಳೆಯುವ ಶೋಕಿ ಕಾರವಾರ, ಮಲ್ಪೆ ಕಡೆಯವರಿಗೆ ಒಪ್ಪುತ್ತದೆ. ಸುರಪುರ, ಶಹಾಪುರದ ನಮಗೆ ಕಡಲೆಲ್ಲಿ ಬಂತು? ಆದರೆ ಕೃಷ್ಣೆ ಇದ್ದಾಳೆ. ಯಾದಗಿರಿಯ ಮಗ್ಗುಲಲ್ಲೇ ಭೀಮೆ ಇದ್ದಾಳೆ. ಎರಡೂ ಹೊಳೆಗೆ ಹೇಳಿ ಮಾಡಿಸಿದಂಥ ಹರಗೋಲು ಇದೆ. ನನ್ನನ್ನು ಕೇಳಿದರೆ ನಮ್ಮ ಹೊಳೆಗೆ ಅದನ್ನು ಮೀರಿಸುವ ದೋಣಿಯನ್ನು ಇನ್ನೂ ಯಾರೂ ಮಾಡಿಲ್ಲ.

ಇದು ಅಭಿಮಾನದ ಮಾತಲ್ಲ, ಹೊಳೆಯ ತಳ ನೋಡಿ ಆಡುವ ಮಾತು. ನಾರಾಯಣಪುರದ ಬಸವಸಾಗರ ಅಣೆಕಟ್ಟು ದಾಟಿದ ಕೃಷ್ಣೆ ಬಂಡೆಗಳನ್ನು ಸೀಳಿಕೊಂಡು ಇಳಿಯುತ್ತಾಳೆ. ಜಲದುರ್ಗದ ಬಳಿ ಮೂರು ಮೈಲಿಯೊಳಗೆ 400 ಅಡಿಗೂ ಮಿಕ್ಕಿದ ಇಳಿತವಿದೆ ಎನ್ನುತ್ತದೆ ಹಳೆಯ ಗ್ಯಾಜೆಟಿಯರ್. ಅಲ್ಲಿ ಯಾವ ದೋಣಿಯ ಉಸಾಬರಿಯೂ ಬೇಡ, ದಂಡೆಯ ಮೇಲೆ ನಿಂತು ನೋಡಿದರೆ ಸಾಕು. ತಿಂಥಣಿ ಮೌನೇಶ್ವರನ ಗುಡಿಯ ಹತ್ತಿರ ಬರುವ ಹೊತ್ತಿಗೆ ಹೊಳೆ ಸಮಾಧಾನಕ್ಕೆ ಬಂದಿರುತ್ತದೆ. ಆದರೂ ನೀರಿನಡಿ ಎಲ್ಲಿ ಬಂಡೆ, ಎಲ್ಲಿ ಮಡು, ಎಲ್ಲಿ ಮೊಣಕಾಲುದ್ದ ಉಸುಕು ಎಂಬುದು ಅಂಬಿಗನಿಗೆ ಮಾತ್ರ ಗೊತ್ತು. ಅಡಿಯಲ್ಲಿ ಏಣು ಇರುವ ಹಾಯಿ ದೋಣಿ ಇಲ್ಲಿ ನೂರು ಮಾರು ಹೋಗುವುದರೊಳಗೆ ಸಿಕ್ಕಿಬೀಳುತ್ತದೆ. ಹರಗೋಲಿಗೆ ಏಣೂ ಇಲ್ಲ, ಮೂಗೂ ಇಲ್ಲ. ಗೇಣುದ್ದ ನೀರಿದ್ದರೂ ತೇಲುತ್ತದೆ. ಬಂಡೆಗೆ ಬಡಿದರೆ ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ಮುಂದೆ ನೀರೇ ಇಲ್ಲವೆಂದರೆ ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆದರಾಯಿತು.

ಹತ್ತುವ ಮೊದಲು ಒಮ್ಮೆ ಒಳಗೆ ಕಣ್ಣಾಡಿಸಿ. ಸೀಳಿದ ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹೆಣೆದಿರುತ್ತಾರೆ. ಅಂಚಿಗೆ ಬಂದಂತೆ ಹೆಣಿಗೆ ಬಿಗಿಯಾಗುತ್ತದೆ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಅಂಗಿಗೆ ಹತ್ತುತ್ತದೆ, ಬಿಳಿ ಬಟ್ಟೆ ಉಟ್ಟು ಬರಬೇಡಿ. ತೇಪೆ ಎಷ್ಟಿವೆ ಎಂದು ಎಣಿಸುವುದಕ್ಕಿಂತ ತೇಪೆಯ ಅಂಚು ಎದ್ದಿದೆಯೇ ನೋಡುವುದು ಜಾಣತನ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಇದೇ ಬುಟ್ಟಿ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರಂತೆ, ಬೇಕೆಂದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ಬೇರೆ ದೋಣಿಗಳ ಹಾಗೆ ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತವೆ ಎಂದೂ ಹೇಳುತ್ತಾನೆ. ಪಾಯೆಸ್‌ಗೆ ಅದು ಕೊರತೆಯಾಗಿ ಕಂಡಿರಬೇಕು. ನನಗೆ ಅದೇ ಇದರ ಸೊಗಸು. ಕುಳಿತಲ್ಲೇ ಕುಳಿತು ಕುತ್ತಿಗೆ ಹೊರಳಿಸದೆ ಎರಡೂ ದಂಡೆ ನೋಡಲು ಬೇರೆ ಯಾವ ದೋಣಿಯಲ್ಲಿ ಸಾಧ್ಯ? ಕಸುಬು ಬಲ್ಲ ಅಂಬಿಗ ಮುಂದಿನ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು, ಹುಟ್ಟಿನಿಂದ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನೆಡೆಗೆ ಎಳೆದುಕೊಳ್ಳುತ್ತ ಆ ತಿರುಗಾಟವನ್ನು ಹತೋಟಿಯಲ್ಲಿಡುತ್ತಾನೆ. ನಾವು ಮಾಡಬೇಕಾದ ಕೆಲಸ ಒಂದೇ, ಅದನ್ನು ಅಂಬಿಗನೇ ಹೇಳುತ್ತಾನೆ: "ಸುಮ್ ಕುಂದರ್ರಿ ಸಾಹೇಬ್ರ. ನೀವು ಹೊಳ್ಳಾಡಿದ್ರ ಅದೂ ಹೊಳ್ಳಾಡ್ತದ."

ಕಾಲ ಮುಖ್ಯ. ಮಳೆಗಾಲದಲ್ಲಿ ಈ ಹುಚ್ಚು ಬೇಡವೇ ಬೇಡ. 2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ ಬಿಟ್ಟ ನೀರಿಗೆ ಶಹಾಪುರ–ದೇವದುರ್ಗ ದಾರಿಯ ಕೊಳ್ಳೂರು ಸೇತುವೆಯೇ ಮುಳುಗಿತ್ತು. ಹೊಳೆಯ ನಡುಗಡ್ಡೆಯಾದ ನೀಲಕಂಠರಾಯನ ಗಡ್ಡಿಯ ಜನಕ್ಕಂತೂ ಅದು ಶೋಕಿಯ ಹೊಳೆಯಲ್ಲ. 2013ರಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಒಣಗಿದ ಕುಂಬಳಕಾಯಿ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿ ಆಸ್ಪತ್ರೆ ಸೇರಿದ್ದು ನೆನಪಿರಬಹುದು. ಬೇಸಿಗೆಯಲ್ಲಿ ಇನ್ನೊಂದು ಫಜೀತಿ: ಹೊಳೆ ಅಲ್ಲಲ್ಲಿ ಮಡುವಾಗಿ ಕಡಿದುಹೋಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯ ಆಚೀಚೆಯವರೆಗಿನ ದಿನಗಳೇ ಸರಿ. ಎಳೆ ಬಿಸಿಲು, ತಿಳಿ ನೀರು. ಅದೇ ಹೊತ್ತಿಗೆ ಸುರಪುರದ ಹತ್ತಿರದ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿದಿರುತ್ತವೆ. ಸುರಪುರದ ನಾಯಕರು ಕಟ್ಟಿಸಿ, ಮುಂದೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ದುರಸ್ತಿ ಮಾಡಿಸಿದ ಕೆರೆ ಅದು. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಇಳಿಯುವ ಜಾಗದ ಆಯ್ಕೆಯಲ್ಲಿ ನಾನು ಸ್ವಲ್ಪ ಹಟಮಾರಿ. ಹೊಳೆ ಬಳಸಿ ತಿರುಗುವಲ್ಲಿ ಒಳಮಗ್ಗುಲಿಗೆ ಉಸುಕು ಬಂದು ನಿಲ್ಲುತ್ತದೆ. ಅಲ್ಲೇ ಬುತ್ತಿ ಬಿಚ್ಚಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು. ನೀರಿಗಿಳಿಯುವ ಮೊದಲು ಅಂಬಿಗನನ್ನು ಕೇಳಿ, ಕೃಷ್ಣೆಯಲ್ಲಿ ಮೊಸಳೆಗಳಿವೆ. ಈಚೆಗೆ ಮೊಸಳೆಗಿಂತ ಟಿಪ್ಪರ್‌ಗಳ ಕಾಟವೇ ಹೆಚ್ಚು. ಉಸುಕು ಬಗೆದ ಕಡೆ ದಂಡೆಯ ಬದಲು ಆಳುದ್ದದ ಗುಂಡಿಗಳು ಬಾಯಿ ತೆರೆದಿವೆ, ನೀರು ತುಂಬಿದಾಗ ಅವು ಕಣ್ಣಿಗೆ ಕಾಣುವುದಿಲ್ಲ. ಹರಗೋಲಿನ ಪ್ರವಾಸ ಉಳಿಯಬೇಕಾದರೆ ಮೊದಲು ಉಸುಕು ಉಳಿಯಬೇಕು. ಪ್ರವಾಸೋದ್ಯಮದವರು ಸ್ಪೀಡ್ ಬೋಟ್ ತರುವ ಮಾತಾಡುವ ಮುನ್ನ ಇದರತ್ತ ಗಮನ ಕೊಡಲಿ, ಅಂಬಿಗರಿಗೆ ಒಂದಷ್ಟು ಲೈಫ್ ಜಾಕೆಟ್ ಕೊಡಿಸಲಿ.

ಇನ್ನು ವಾಪಸ್ ಬರುವ ವಿಚಾರ. ಬ್ಯಾಬಿಲೋನಿನ ಬುಟ್ಟಿ ದೋಣಿಗಳ ಬಗ್ಗೆ ಗ್ರೀಕರ ಹೆರೊಡೊಟಸ್ ಎರಡೂವರೆ ಸಾವಿರ ವರ್ಷದ ಹಿಂದೆಯೇ ಬರೆದಿದ್ದಾನೆ: ಪ್ರತಿ ದೋಣಿಯಲ್ಲೂ ಒಂದು ಕತ್ತೆ ಇರುತ್ತಿತ್ತು. ಊರು ಮುಟ್ಟಿದ ಮೇಲೆ ಸರಕಿನ ಜೊತೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಹೋಗುತ್ತಿದ್ದರು. ಸೆಳವಿಗೆ ಎದುರಾಗಿ ಇದನ್ನು ನಡೆಸುವುದು ಅಂದೂ ಆಗುತ್ತಿರಲಿಲ್ಲ, ಇಂದೂ ಆಗದು. ನಮ್ಮಲ್ಲಿ ಕತ್ತೆಯ ಬದಲು ಟ್ರ್ಯಾಕ್ಟರ್ ಇದೆ. ಹೊರಡುವ ಹಿಂದಿನ ದಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆಯೇ ವಿಚಾರಿಸಿ, ಅಂಬಿಗನ ಕೂಲಿ ಮೊದಲೇ ಮಾತಾಡಿಕೊಳ್ಳಿ. ಹರಗೋಲನ್ನು ಅವನ ಊರಿಗೆ ತಿರುಗಿ ಮುಟ್ಟಿಸುವ ಟ್ರ್ಯಾಕ್ಟರ್ ಬಾಡಿಗೆಯೂ ನೀವೇ ಕೊಡಬೇಕು.